ಮೂರು ಕ್ವಾದ್ರದ ಓಟ

ಕಟ್ಟಬೇಡ... ಕಟ್ಟಬೇಡ ಅಂದ್ನಲ್ಲ! ಆ ಕುದುರೆ ಹೊಟ್ಟೆಪಟ್ಟಿ ಕೆಳಗಿಡು ಅನಿಸೆತೊ, ಮೊದ್ಲು ನನ್ನ ಮಾತು ಕೇಳು. ಏದುಸಿರು ಬಿಟ್ಕೊಂಡು ಬಂದಿದೀನಿ, ನಿನ್ನ ಅಕ್ಕನಿಗೇನು ಈ ವಯಸ್ಸಲ್ಲಿ ಓಡೋ ಚಟಾನಾ? ಓಟದ ಪಟ್ಟೆ ಹತ್ರ ಹೋಗಿದ್ದೆ. ದೋನ್ ಕ್ರಿಸಾಂತೊ ಟೇಪು ಎಳೆಸ್ತಿದ್ರು. ತೀರ್ಪುಗಾರರು ಅಂದ್ರೆ ಕೇಳ್ಬೇಕಾ, ಹೊಸ ಟೋಪಿ, ಹೊಸ ಬೂಟು, ಮಗಳ ಮದುವೆ ಇದ್ದಂಗೆ ಓಡಾಡ್ತಿದಾರೆ. ಎಷ್ಟಾಯ್ತು ಅಂತ ಕೇಳ್ದೆ. ಮುನ್ನೂರ ತೊಂಬತ್ತು ಮೀಟರ್ ಅಂದ್ರು.

ಮುನ್ನೂರ ತೊಂಬತ್ತು! ಕೇಳಿಸ್ತಾ?

ಯಾಕೆ ನಗ್ತೀಯ? ನಗೋಂಥದ್ದು ನಾನೇನು ಹೇಳ್ದೆ? ... ಹೂಂ, ಗೊತ್ತು ಗೊತ್ತು, ಮಾತು ಕೊಟ್ಟಿದ್ದು ಮೂರು ಕ್ವಾದ್ರಕ್ಕೆ. ಕುದುರೆ ಓಟಕ್ಕೆ ಯಾವನು ತಾನೇ ಮೀಟರಲ್ಲಿ ಮಾತು ಕೊಡ್ತಾನೆ? ಬಟ್ಟೆ ಮೀಟರಲ್ಲಿ, ಬೇಲಿ ತಂತಿ ಮೀಟರಲ್ಲಿ, ಸತ್ರೆ ಗುಂಡಿನೂ ಮೀಟರಲ್ಲಿ ತೋಡ್ತಾರೆ. ಆದ್ರೆ ಓಟ ಅಂದ್ರೆ ಅಜ್ಜಂದಿರ ಕ್ವಾದ್ರನೇ ಆಗ್ಬೇಕು ಈ ಗಂಡಸ್ರಿಗೆ! ಸರಿ, ಮೂರು ಕ್ವಾದ್ರ. ಯಾರ ಕ್ವಾದ್ರ? ಹೇಳು. ಯಾರ್ದು?

ನಮ್ಮ ದಡದಲ್ಲಿ ಕ್ವಾದ್ರ ಅಂದ್ರೆ ನೂರು ಕೋಲು. ನದಿ ದಾಟಿ ಈ ಅರ್ಜೆಂಟೀನಾ ದಡಕ್ಕೆ ಬಂದ್ರೆ, ಅದೇ ಕ್ವಾದ್ರ ನೂರೈವತ್ತು ಕೋಲು. ಅಪ್ಪ ಬೇಲಿ ತಂತಿ ಎಳೆಯೋಕೆ ಇಲ್ಲಿಗೆ ಬಂದಾಗೆಲ್ಲ ಇದಕ್ಕೇ ಜಗಳ ಆಡ್ಕೊಂಡು ಬರ್ತಿದ್ದ, ನೀನು ಚಿಕ್ಕವನು, ನಿನಗೆ ನೆನಪಿರಲ್ಲ. ಹೋಗ್ಲಿ ಅಂದ್ರೆ ಕೋಲಾದ್ರೂ ಒಂದೇನಾ? ಅದೂ ಇಲ್ಲ. ಇವರ ಕೋಲು ನಮ್ಮ ಕೋಲಿಗಿಂತ ಒಂದು ಅಕ್ಕಿಕಾಳಿನಷ್ಟು ಉದ್ದ. ಒಂದು ಅಕ್ಕಿಕಾಳು ತಾನೇ ಅನ್ಬೇಡ! ಅವು ಕೂಡಿ ಕೂಡಿ, ಕ್ರಿಸಾಂತೊ ಅಳೆದಿರೋದು ನಮ್ಮ ಕೋಲಿನ ಲೆಕ್ಕದಲ್ಲಿ ನಾನೂರ ಐವತ್ನಾಲ್ಕು ಬರುತ್ತೆ. ನಾನೇ ಹಾಕ್ದೆ ಲೆಕ್ಕ, ಅಲ್ಲೇ ಮಣ್ಣಿನ ಮೇಲೆ ಕಡ್ಡೀಲಿ ಬರೆದು. ನೀನು ಮನೆ ಹಿಂದೆ ಗೂಟ ಹೊಡ್ಕೊಂಡು ನಿನ್ನ ಹೆಣ್ಣು ಕುದುರೆ ಸಿನಾಸಿನಾನ ಓಡಿಸಿದ್ದು ಎಷ್ಟು? ಮುನ್ನೂರು ಕೋಲು. ಇನ್ನೂರೈವತ್ತೆಂಟು ಮೀಟರ್.

ಆ... ಈಗ ನಗು ಹೋಯ್ತಾ?

ಹೂಂ. ನೀರು ಕುಡಿ. ಕುಡಿ ಅಂದೆ.

ನಿನ್ನ ಸಿನಾಸಿನಾನ ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಬಿಟ್ಟ ತಕ್ಷಣ ಅವಳನ್ನ ಹಿಡಿಯೋರಿಲ್ಲ, ಈ ಎರಡೂ ದಡದಲ್ಲಿ ಇಲ್ಲ, ಒಪ್ತೀನಿ. ಆದ್ರೆ ಮುನ್ನೂರು ಕೋಲಾದ ಮೇಲೆ? ಕತ್ತು ಮೇಲೆತ್ತಿ, ಬಾಯಿ ತೆಗೆದು, ಕಾಲು ಎಲ್ಲೋ ಮನಸ್ಸು ಎಲ್ಲೋ... ನೀನೇ ಹೇಳಿರೋದು. ನಿನ್ನೆದುರು ಪಂತ ಕಟ್ಟಿರೋ ಬಾಲ್ಬಿನೊನ ಕರಿ ಕುದುರೆ ಅಲ್ಲಿಂದಾನೇ ಓಡೋಕೆ ಶುರು ಮಾಡೋದು. ಉದ್ದ ಓಟದ ಪ್ರಾಣಿ ಅದು. ಸೋಲು ಕಣ್ಣೆದುರಿಗಿದೆ. ಸೋತ್ರೆ ನಿನ್ನ ಕುದುರೆ ಅವನ ಪಾಲು. ಓಡದೆ ಹಿಂದೆ ಸರಿದ್ರೂ ಕುದುರೆ ಅವನ ಪಾಲು. ಎರಡೂ ಒಂದೇ ಅಲ್ವಾ? ಒಂದೇ ಆದ್ಮೇಲೆ ಓಡೋದ್ಯಾಕೆ? ಈಗ್ಲೇ ಲಗಾಮು ತಗೊಂಡೋಗಿ ಅವನ ಕೈಗೆ ಕೊಟ್ಟು, ತಗೋ ಬಾಲ್ಬಿನೊ, ಅನ್ನು. ದೋಣಿ ಹತ್ತೋಣ. ಕತ್ತಲಾಗೋದ್ರೊಳಗೆ ಮನೇಲಿರ್ತೀವಿ. ಮಾಂಸ ನೆನೆಸಿಟ್ಟು ಬಂದಿದೀನಿ, ಸುಟ್ಟು ತಿನ್ನೋಣ...

ಕಿರುಚಬೇಡ. ಎಲ್ರೂ ನೋಡ್ತಿದಾರೆ.

ಮಗಳಿದ್ದಂಗೆ! ಕುದುರೆ ಮಗಳಂತೆ! ಹೌದಪ್ಪ, ತಾಯಿ ಸತ್ತ ಮರಿಗೆ ಬಾಟ್ಲೀಲಿ ಹಾಲು ಕುಡಿಸಿ ಬೆಳೆಸಿದೀಯ, ಬೇರೆ ಯಾರು ಹತ್ತಿದ್ರೂ ಒದೀತಾಳೆ, ಎಲ್ಲ ಗೊತ್ತು. ನಿನಗೆ ಯಾರು ಕುಡಿಸಿದ್ದು ಹಾಲು? ಅವ್ವ ಹೋದಾಗ ನಿನಗಿನ್ನೂ ಹಲ್ಲು ಬಂದಿರ್ಲಿಲ್ಲ. ನಿನ್ನನ್ನ ಸೊಂಟದ ಮೇಲೆ ಕೂರಿಸ್ಕೊಂಡೇ ಬಟ್ಟೆ ಒಗೀತಿದ್ದೆ ನಾನು, ರೊಟ್ಟಿ ತಟ್ಟುತಿದ್ದೆ. ನನ್ನ ಮದುವೆ ಆಗ್ತೀನಿ ಅಂತ ಬಂದೋನು, ಈ ಕೂಸನ್ನೂ ಕರ್ಕೊಂಡು ಬರ್ತೀಯಾ ಅಂತ ಕೇಳ್ದ. ಹೂಂ ಅಂದೆ. ಎದ್ದು ಹೋದ. ಹೋಗ್ಲಿ ಅಂದೆ. ಈಗ ನೀನು ನನಗೆ ಮಗಳ ಮಾತು ಹೇಳ್ತೀಯ!

...ಇಲ್ಲ, ಅಳ್ತಿಲ್ಲ. ಧೂಳು.

ನಮ್ಮ ದಡದ ಸಾಲ್ಟೊ ಪೇಟೆ ಡಾಕ್ಟರು ಏನಂದ್ರು? ಎದೆ ಮೇಲೆ ಆ ತಂತಿಗಳನ್ನೆಲ್ಲ ಅಂಟಿಸಿ, ಕಾಗದ ನೋಡಿ, ಕನ್ನಡಕ ತೆಗೆದು ಏನಂದ್ರು? ಇನ್ನು ಕುದುರೆ ಹತ್ತಬಾರ್ದು. ನಡೆದ್ರೂ ದಿನಕ್ಕೆ ನಾನೂರು ಮೀಟರ್, ಅದೂ ಮೆಲ್ಲಗೆ, ನಿಂತು ನಿಂತು. ನೀನು ಮನೆಗೆ ಬಂದು ಏನು ಮಾಡ್ದೆ? ನಾನೂರು ಮೀಟರ್ ಅಂದ್ರೆ ಐದು ಕ್ವಾದ್ರಾನೂ ಆಗಲ್ಲ, ಅಷ್ಟು ದೂರ ನಾನು ಉಚ್ಚೆ ಹೊಯ್ಯೋಕೆ ಹೋಗ್ತೀನಿ ಅಂತ ಅಂಗಡಿ ಮುಂದೆ ಕೂತು ಎಲ್ಲರ್ನೂ ನಗಿಸ್ದೆ. ನಾನೂ ನಕ್ಕೆ. ಒಳಗೆ ಹೋಗಿ ಒಲೆ ಮುಂದೆ ಕೂತ್ಕೊಂಡೆ.

ಓಟ ಅಂದ್ರೆ ಬರೀ ಓಟಾನಾ? ಅದಕ್ಕೆ ಮುಂಚೆ ಇಬ್ಬರೂ ಜೊತೆಗೆ ನುಗ್ಗೋದು, ಇಲ್ಲ ಅಂತ ವಾಪಸ್ ಬರೋದು, ಮತ್ತೆ ನುಗ್ಗೋದು, ಮತ್ತೆ ವಾಪಸ್... ಇಬ್ಬರೂ ಒಟ್ಟಿಗೆ "ಹೋಗೋಣ!" ಅನ್ನೋವರೆಗೆ. ಬಾಲ್ಬಿನೊನ ಸವಾರ ಬೇಗ ಅಂತಾನಾ? ನಿನ್ನ ಮುಖ ಕಪ್ಪಿಡೋವರೆಗೂ ಅನ್ನಲ್ಲ ಅವನು. ನಿನ್ನ ಎದೆ ಸಂಗತಿ ಇವರಿಗೂ ಗೊತ್ತು. ನದಿ ಅಗಲ ಇರ್ಬಹುದು, ಸುದ್ದಿಗೆ ದೋಣಿ ಬೇಕಾಗಲ್ಲ.

ಏನು?

...ಯಾರು ಹೇಳಿದ್ದು ಅಂದ್ರೆ? ಯಾವ್ದು ಯಾರು ಹೇಳಿದ್ದು?

ಓ, ಅದು. ಇವರ ಕ್ವಾದ್ರದಲ್ಲೇ ಅಳೀರಿ ಅಂತ... ನನಗೇನು ಗೊತ್ತು? ಕ್ರಿಸಾಂತೊಗೆ ತಾನೇ ಗೊತ್ತಿರುತ್ತೆ. ಪಟ್ಟೆ ಇರೋದು ಇವರ ನೆಲದಲ್ಲಿ, ಇವರ ನೆಲದಲ್ಲಿ ಇವರ ಅಳತೆ, ಅಷ್ಟೇ ಇರ್ಬೇಕು. ಅದರಲ್ಲೇನಿದೆ ಕೇಳೋಕೆ? ತಗೋ, ಇನ್ನೊಂದು ಸ್ವಲ್ಪ ನೀರು...

ಹೌದು, ಪಟ್ಟೆ ಎಲ್ಲಿದ್ರೂ ಕೈ ಕುಲುಕಿದ ಜಾಗದ ಅಳತೇನೇ ನಡೆಯೋದು. ಪದ್ಧತಿ ಹಾಗೇ ಇದೆ, ಇಲ್ಲ ಅಂದ್ನಾ? ಆದ್ರೆ ನೀವು ಕೈ ಕುಲುಕಿದ್ದು ಎಲ್ಲಿ? ಅದನ್ನ ಹೇಳು! ಯಾರ್ದೋ ಮದುವೆ ಮುಗಿಸ್ಕೊಂಡು ಬರುವಾಗ, ದೋಣೀಲಿ, ನಟ್ಟನಡು ನದೀಲಿ! ಕುಡಿದು ತೂರಾಡ್ಕೊಂಡು, ದೋಣಿ ಮುಳುಗಿಸೋ ಹಂಗೆ ಎದ್ದು ನಿಂತು ಕೈ ಕುಲುಕಿದ್ರಿ. ನೀರಿಗೆ ಯಾವ ಕೋಲು, ಯಾವ ಕ್ವಾದ್ರ? ಅದಕ್ಕೇ ಗೊಂದಲ ಆಗಿರೋದು. ಯಾರ ತಪ್ಪೂ ಅಲ್ಲ. ಗೊಂದಲ...

ಹಾಗಿದ್ರೆ ಸಾಕ್ಷಿ ಮಾತು. ಹೌದು. ಗೊಂದಲ ಆದ್ರೆ ಸಾಕ್ಷಿಯವರನ್ನ ಕೇಳ್ತಾರೆ. ಓಡೋ ಇಬ್ಬರ ಮಾತು ಲೆಕ್ಕಕ್ಕಿಲ್ಲ, ಸಾಕ್ಷಿ ಏನು ಹೇಳ್ತಾರೋ ಅದೇ. ಕೇಳಿರ್ತಾರೆ. ದೋಣಿಯವನನ್ನ ಕೇಳಿರ್ಬಹುದು...

...ಹೌದಲ್ಲ. ಅವನಿಗೆ ಕಿವಿ ಕೇಳ್ಸಲ್ಲ.

ಯಾಕೆ ಹಂಗೆ ನೋಡ್ತೀಯ?

ಅನಿಸೆತೊ! ಹಿಂಗೆ ನೋಡ್ಬೇಡ. ಚಿಕ್ಕವನಿದ್ದಾಗ್ಲೂ ಹಿಂಗೇ, ಬೈದ್ರೆ ಬಯ್ಯಲ್ಲ, ಹೊಡೆದ್ರೆ ಅಳಲ್ಲ, ಸುಮ್ನೆ ನೋಡ್ತಾ ನಿಂತ್ಕೊಳ್ಳೋದು. ದೋಣೀಲಿ ನೀನಿದ್ದೆ, ಬಾಲ್ಬಿನೊ ಇದ್ದ, ಆ ಕಿವುಡ ಇದ್ದ, ಮತ್ತೆ... ಮತ್ತೆ ನಾನಿದ್ದೆ. ಹೌದು. ಮಾಟೆ ಕಷಾಯದ ಬುರುಡೆ ಮಡಿಲಲ್ಲಿ ಇಟ್ಕೊಂಡು, ಚೆಲ್ಲದಂಗೆ ಹಿಡ್ಕೊಂಡು ಕೂತಿದ್ದೆ. ಆದ್ರೆ ಏನಂತ? ಗಾಳಿ ಇತ್ತು, ನೀವಿಬ್ರೂ ಒಟ್ಟಿಗೆ ಕೂಗಾಡ್ತಿದ್ರಿ, ನನಗೆ ಎಲ್ಲ ಎಲ್ಲಿ ಕೇಳ್ಸುತ್ತೆ...

ಕೇಳಿಸ್ತು.

ಆಯ್ತು, ಕೇಳಿಸ್ತು! "ನಿಮ್ಮ ಕ್ವಾದ್ರನೇ ಆಗ್ಲಿ ಬಿಡು, ನಿನ್ನ ಕುದುರೆ ಪಾಪ ಚಿಕ್ಕದು" ಅಂದ ಬಾಲ್ಬಿನೊ, ನಗ್ತಾ. ಒಂದೊಂದು ಅಕ್ಷರಾನೂ ಕೇಳಿಸ್ತು. ಬೆಳಿಗ್ಗೆ ಕ್ರಿಸಾಂತೊ ಬಂದ್ರು, ಟೋಪಿ ತೆಗೆದ್ರು. ದೋನ್ಯಾ ಒಟಿಲಿಯಾ, ನಿಮ್ಮ ಮಾತೇ ಕೊನೆ, ಯಾವ ಕ್ವಾದ್ರ, ಅಂತ ಕೇಳಿದ್ರು. ನಿಮ್ಮದೇ, ಅಂದೆ. ನೂರೈವತ್ತರದ್ದು, ಅಂದೆ. ಬಾಲ್ಬಿನೊ ಪಕ್ಕದಲ್ಲೇ ಇದ್ದ, ಬಾಯಿ ಬಿಡ್ಲಿಲ್ಲ ಆ ಕಳ್ಳ. ಯಾಕೆ ಬಿಡ್ತಾನೆ?

ನಾನು ಏನು ಅಂದ್ಕೊಂಡೆ ಹೇಳ್ಲಾ? ಸಿಟ್ಟು ಮಾಡ್ಕೋ, ಆದ್ರೆ ಕೇಳು. ನಾನೂರ ಐವತ್ನಾಲ್ಕು ಅಂತ ಕೇಳಿದ್ರೆ ನೀನು ಹಿಂದೆ ಸರೀತೀಯ ಅಂದ್ಕೊಂಡೆ. ಎದೆ ಮಾತು ಹೇಳಿದ್ರೆ ನೀನು ಕೇಳಲ್ಲ. ಕುದುರೆ ಸೋಲುತ್ತೆ ಅಂದ್ರೆ ಕೇಳ್ತೀಯ, ಅವಳನ್ನ ಬಾಯಿ ತೆಗೆಸಿ ಓಡಿಸೋಕೆ ನಿನಗೆ ಮನಸ್ಸಾಗಲ್ಲ, ಅಂತ. ಕುದುರೆ ಹೋಗ್ಲಿ, ತಮ್ಮ ಮನೆಗೆ ಬರ್ಲಿ. ಅಷ್ಟೇ. ನಿನ್ನ ಕುದುರೇನ ನಾನೇ ಮಾರ್ದಂಗೆ ಆಯ್ತು, ನನಗೆ ಗೊತ್ತು. ನೀನು ಮನೇಲಿ ಕೂತು ವರ್ಷಗಟ್ಲೆ ನನ್ನ ಜೊತೆ ಮಾತು ಬಿಟ್ರೂ ಪರ್ವಾಗಿಲ್ಲ, ಮೂಲೇಲಿ ಕೆಮ್ಮೋ ಸದ್ದು ಕೇಳಿದ್ರೆ ಸಾಕು ನನಗೆ.

ಬಯ್ಯಿ. ಒಂದು ಸಲ ಬೈದುಬಿಡು.

...ಏನ್ ಮಾಡ್ತಿದೀಯ? ಆ ಪಟ್ಟಿ ಯಾಕೆ ಮತ್ತೆ ತಗೊಂಡೆ? ಈಗ ಎಲ್ಲ ಹೇಳ್ದೆ ಅಲ್ವಾ! ಹೋಗಿ ಕ್ರಿಸಾಂತೊಗೆ ಹೇಳು, ನಮ್ಮ ಅಕ್ಕ ಸುಳ್ಳು ಹೇಳಿದ್ಲು, ಮಾತಾಗಿದ್ದು ನಮ್ಮ ಕ್ವಾದ್ರಕ್ಕೆ ಅಂತ. ನಿನ್ನ ಮಾತು ನಡೆಯಲ್ಲ ಅಂತಾರೆ, ಅನ್ಲಿ, ಆದ್ರೂ ಕೂಗಾಡು, ಜಗಳ ತೆಗಿ, ಓಟ ನಿಂತ್ರೆ ನಿಲ್ಲಲಿ... ಬೂಟು ಯಾಕೆ ಬಿಚ್ತೀಯ, ಬರಿಗಾಲಲ್ಲಿ ಹತ್ತೋಕಾ? ಅನಿಸೆತೊ! ನಾನೂರ ಐವತ್ನಾಲ್ಕು ಕೋಲು ಕಣೋ! ಓಡ್ತೀಯಾ? ಇಷ್ಟೆಲ್ಲ ತಿಳಿದ ಮೇಲೂ ಬಾಯಿ ಮುಚ್ಕೊಂಡು ಓಡ್ತೀಯಾ?

ಓ ದೇವರೇ.

ಅದಕ್ಕೇನಾ?

ನನ್ನ ಮುಖ ನೋಡು. ನೋಡೋ ಇಲ್ಲಿ! ಅದಕ್ಕೇ ತಾನೇ ಬಾಯಿ ಬಿಡ್ತಿಲ್ಲ? ನಾನು ಎಷ್ಟು ಅಂತ ಹೇಳಿದಾಗ್ಲೇ ನಿನಗೆ ಗೊತ್ತಾಯ್ತು, ಸುಳ್ಳು ಸಾಕ್ಷಿ ಹೇಳಿದ್ದು ನಾನೇ ಅಂತ. ಆ ನಗು ಹೋಯ್ತಲ್ಲ... ಅಲ್ಲೇ ಗೊತ್ತಾಯ್ತು. ಎರಡೂ ದಡದಲ್ಲಿ ಒಟಿಲಿಯಾ ಮಾತು ಅಂದ್ರೆ ಗೂಟ ಹೊಡೆದಂಗೆ ಅಂತಾರೆ. ಯಾರ ಮನೆ ಬೇಲಿ ತಕರಾರಾದ್ರೂ ನನ್ನನ್ನೇ ಕರೀತಾರೆ. ಒಂದು ಸಲ ಮಾತು ತಪ್ಪಿದ ಸಾಕ್ಷೀನ ಸಾಯೋವರೆಗೂ ಯಾರೂ ಏನೂ ಕೇಳಲ್ಲ. ಈ ಜನದ ಮುಂದೆ ನಿನ್ನ ಅಕ್ಕನ್ನ ಸುಳ್ಳಿ ಅನ್ನಿಸ್ಬಾರ್ದು ಅಂತ... ಅದಕ್ಕೆ ಆ ಉದ್ದ ಪಟ್ಟೇಲಿ ಓಡ್ತೀಯ. ನಿನ್ನನ್ನ ಉಳಿಸೋಕೆ ಅಂತ ನಾನು ಗೂಟ ದೂರ ಹಾಕಿಸ್ದೆ. ನೀನು ನನ್ನ ಮಾನ ಉಳಿಸೋಕೆ ಅಂತ ಅಷ್ಟು ದೂರಾನೂ ಹೋಗ್ತೀಯ! ಎಂಥಾ ಹೆಡ್ಡನ್ನ ಸಾಕ್ದೆ ನಾನು. ಎಂಥಾ ಹೆಡ್ಡನ್ನ...

ಕೈ ಬಿಡು. ಬಿಡು ಅಂದೆ. ತಡೀಬೇಡ ನನ್ನ.

ದೋನ್ ಕ್ರಿಸಾಂತೋ! ಇಲ್ಲಿ, ಈ ಕಡೆ! ಹೌದು, ನಾನೇ, ಒಟಿಲಿಯಾ. ಕೊನೇ ಗೂಟ ಕೀಳಿಸ್ರಿ. ಎಲ್ರಿಗೂ ಕೇಳ್ಸೋ ಹಂಗೇ ಹೇಳ್ತಿದೀನಿ, ಕೇಳ್ಲಿ. ಬೆಳಿಗ್ಗೆ ನಾನು ನಿಮಗೆ ಸುಳ್ಳು ಹೇಳ್ದೆ. ದೋಣೀಲಿ ಮಾತಾಗಿದ್ದು ನಮ್ಮ ದಡದ ಕ್ವಾದ್ರಕ್ಕೆ. ನೂರರದ್ದು. ಮೂರು ನೂರು. ಬಾಲ್ಬಿನೊಗೂ ಗೊತ್ತು, ಅವನ ಮುಖ ನೋಡಿ... ಇಲ್ಲ, ತಲೆ ಕೆಟ್ಟಿಲ್ಲ ನನಗೆ. ಇನ್ನು ನನ್ನನ್ನ ಸಾಕ್ಷಿಗೆ ಕರೀಬೇಡಿ, ಅದೂ ಗೊತ್ತು. ಟೇಪು ಹಿಡೀರಿ ಮತ್ತೆ. ಇನ್ನೂರೈವತ್ತೆಂಟು ಮೀಟರಿಗೆ ಗೂಟ ಹೊಡೀರಿ.

ಆಯ್ತಾ?

ಹತ್ತೋ ಈಗ. ಕಾಲು ಕೊಡು, ಎತ್ತಿ ಕೂರಿಸ್ತೀನಿ, ಬೇರೆ ಯಾರ ಕೈಲೂ ಎತ್ತಿಸ್ಕೋಬೇಡ. ನುಗ್ಗಾಟ ಆಡಿಸಿದ್ರೆ ಆಡ್ಬೇಡ, ಎರಡನೇ ಸಲಕ್ಕೇ "ಹೋಗೋಣ" ಅಂದ್ಬಿಡು. ಕೇಳಿಸ್ತಾ? ...ಹೂಂ ಅಂತಾನೂ ಅನ್ಬೇಡ, ಉಸಿರು ಇಟ್ಕೋ. ನೂರೈವತ್ತು ಚಿಲ್ಲರೆ ಕೋಲು ಕಮ್ಮಿ ಮಾಡಿಸಿದೀನಿ ಕಣೋ. ಉಳಿದ ಮುನ್ನೂರನ್ನ ಕಮ್ಮಿ ಮಾಡಿಸೋಕೆ ನಿನ್ನ ಅಕ್ಕನ ಕೈಲಾಗ್ಲಿಲ್ಲ.