ಸದಾಶಿವಯ್ಯನವರ ನಮಸ್ಕಾರ

ಹಾಲ್ಕುರಿಕೆ ಬಸ್ಸಿನಲ್ಲಿ ಅನುಪಮಾ ಮಗುವನ್ನು ಆಗತಾನೇ ಮಲಗಿಸಿದ್ದಳು. ಮುಂದಿನ ಸೀಟಿನಲ್ಲಿ ಕೊಬ್ಬರಿ ಮಂಡಿ ಆಫೀಸಿನ ಹುಡುಗಿಯರಿಬ್ಬರು ಮಾತಿಗಿಳಿದಿದ್ದರು.

“ಸಿಂಧು, ರೈತರಿಗೆ ತಾನಾಗೇ ಮೆಸೇಜ್ ಕಳ್ಸೋ ಸಾಫ್ಟ್‌ವೇರಿನ ಈ ತಿಂಗಳ ಲಿಮಿಟ್ಟು ಹೆಂಗೇ ಮುಗೀತಾ ಬಂತು?”

“ಸದಾಶಿವಯ್ಯನೋರು ಕಣೇ ಸೌಮ್ಯ. ಅದು ರೇಟು ಕಳ್ಸಿದ್ರೆ ನಮಸ್ಕಾರ ಅಂತಾರೆ. ಅದೂ ನಮಸ್ಕಾರ ಅಂತದೆ. ಊಟ ಆಯ್ತಾ ಅಂತಾರೆ.”

“ಮಿಷನ್ನು ಅಂತ ಹೇಳ್ಬಾರ್ದಾ?”

“ಹೇಳ್ದೆ. ಯಾರಾದ್ರೇನವ್ವ, ಮಾತಾಡ್ಸಿದ್ಮೇಲೆ ಸುಮ್ನಿರಕ್ಕಾಯ್ತದಾ ಅಂದ್ರು.”

“ನಾಳೆ ಹರಾಜು! ರೇಟು ಹೋಗ್ದಿದ್ರೆ ಸಾಹುಕಾರ್ರು ಬುಡ್ತಾರಾ?”

“ಗ್ರೂಪಿಗೆ ಹಾಕಕ್ಕೆ ಅಂತ ಕೊನೇದೊಂದು ಮೆಸೇಜು ಉಳ್ಸಿದೀನಿ.”

ಫೋನು ಟಿಣ್ ಎಂದಿತು.

“ಅಯ್ಯೋ, ಅವರೇ! ಕಾಫಿ ಆಯ್ತಾ ಅಂತೆ. ಇದು ಆಗ್ಲೇ ನಮಸ್ಕಾರ ಅಂದ್ಬುಡ್ತು!”

ಇಬ್ಬರೂ ಬಿದ್ದು ಬಿದ್ದು ನಕ್ಕರು. ಮಗು ಏಳದಿರಲೆಂದು ಅನುಪಮಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ನಾಳೆ ಗತಿ?” ಇಳಿಯುತ್ತಾ ಸೌಮ್ಯ ಕೇಳಿದಳು.

“ರೇಟನ್ನ ಸದಾಶಿವಯ್ಯನೋರಿಗೇ ಹೇಳ್ತೀನಿ. ಊರೋರ್ನೆಲ್ಲ ಮಾತಾಡ್ಸದೆ ಮನೆ ಸೇರಲ್ಲ ಅವರು.”