ಪ್ಲಸ್ ಕಡೆ ಕುಂಕುಮ

ಹೆಸರು: ಅಮ್ಮಾಜಮ್ಮ, ದಿವಂಗತ ಕೋನಪ್ಪನವರ ಹೆಂಡತಿ. ವಯಸ್ಸು: 61 ವರ್ಷ. ಕಸುಬು: ಹೊಲದ ಕೆಲಸ, ಎರಡು ಹಸು. ವಾಸ: ಕೆರೆ ಏರಿ ಕೆಳಗಿನ ಬೀದಿ, ದೊಡ್ಡಗುಟ್ಟಹಳ್ಳಿ, ಚಿಂತಾಮಣಿ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ.

ಈ ದಿನ ಬೆಳಗ್ಗೆ 10-15ಕ್ಕೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಹೇಳಿ ಬರೆಸುವುದೇನೆಂದರೆ, ನನ್ನ ಮೈದುನನ ಮಗ ಮುನೇಶ್ ಕಳುವಾಗಿದೆ ಎಂದು ದೂರು ಕೊಟ್ಟಿರುವ ಮೀನಿನ ದೋಣಿಯ ಬ್ಯಾಟರಿಯನ್ನು ತೆಗೆದವಳು ನಾನು. ಅನುಮಾನದ ಮೇಲೆ ನಿನ್ನೆಯಿಂದ ಠಾಣೆಗೆ ಅಲೆಯುತ್ತಿರುವ ಬಯ್ಯಪ್ಪನವರು ನನ್ನ ಗಂಡನ ಗೆಳೆಯರು. ಏರಿ ಮೇಲೆ ಕೂತು ಗಾಳ ಹಾಕುವುದು ಬಿಟ್ಟರೆ ಅವರಿಗೆ ಬೇರೇನೂ ಗೊತ್ತಿಲ್ಲ. ಅವರನ್ನು ಮನೆಗೆ ಕಳಿಸಬೇಕು.

ಕೆರೆ ತುಂಬಿದ ಮೇಲೆ ನನ್ನ ಗಂಡ ಆರು ವರ್ಷ ಮೀನು ಹಿಡಿದರು. ಹುಟ್ಟು ಹಾಕಲು ಭುಜ ಬಾರದೆ, ದೋಣಿಗೆ ಚಿಕ್ಕ ಮೋಟಾರು ಕಟ್ಟಿಸಿ, 12 ವೋಲ್ಟಿನ ಹಳೇ ಬ್ಯಾಟರಿ ಕೂರಿಸಿದರು. ದಿನಾ ಬೆಳಗ್ಗೆ 9 ಗಂಟೆಗೆ ಅದನ್ನು ಚಾರ್ಜಿಗೆ ಮನೆಗೆ ತರಬೇಕಿತ್ತು. ದಡದಿಂದ ನಮ್ಮ ಜಗಲಿಗೆ 340 ಹೆಜ್ಜೆ. ಎಣಿಸುತ್ತಿದ್ದವರು ಅವರು, ತಲೆ ಮೇಲೆ ಹೊರುತ್ತಿದ್ದವಳು ನಾನು.

ಬ್ಯಾಟರಿ ಮೇಲಿನ ಪ್ಲಸ್, ಮೈನಸ್ ಗುರುತು ಅಳಿಸಿಹೋಗಿತ್ತು. ಮೊದಲ ವಾರವೇ ಅವರು ವೈರು ಅದಲುಬದಲು ಕೊಟ್ಟು, ದೋಣಿ ಮುಂದೆ ಹೋಗುವ ಬದಲು ಹಿಂದಕ್ಕೆ ಬಂತು. ಏರಿ ಮೇಲಿದ್ದವರೆಲ್ಲ ನಕ್ಕರು, ಬಯ್ಯಪ್ಪನವರೇ ಹೆಚ್ಚು ನಕ್ಕರು. ಆ ದಿನ ನಾನು ಪ್ಲಸ್‌ಗೆ ಕುಂಕುಮ, ಮೈನಸ್‌ಗೆ ಅರಿಶಿನ ಹಚ್ಚಿದೆ. ಕೆಂಪು ವೈರು ಕುಂಕುಮಕ್ಕೆ, ಕಪ್ಪು ವೈರು ಅರಿಶಿನಕ್ಕೆ. ಮತ್ತೆ ತಪ್ಪಲಿಲ್ಲ.

ಒಂದು ಸಾರಿ ಬ್ಯಾಟರಿ ನೀರು ಮುಗಿದಿತ್ತೆಂದು ನಾನು ಬೋರ್‌ವೆಲ್ ನೀರು ಹಾಕಿ ಕೆಡಿಸಿದೆ. ಅವರು ಬೈಯಲಿಲ್ಲ. "ನಮ್ಮೂರ ನೀರಿಗೆ ನಮ್ಮ ಹಲ್ಲೇ ಉಳೀಲಿಲ್ಲ, ಪಾಪ ಅದು ಉಳೀತದಾ" ಎಂದರು. ಇನ್ನೊಂದು ಹಳೇ ಬ್ಯಾಟರಿ ತಂದರು. ಆಮೇಲೆ ಹದಿನೈದು ದಿನಕ್ಕೊಮ್ಮೆ "ನೀಳ್ಳು ಪೋಸಿನಾವಾ?" ಎಂದು, ಬ್ಯಾಟರಿಗೆ ನೀರು ಹಾಕಿದೆಯಾ ಅಂತ, ಕೇಳುತ್ತಿದ್ದರು. ನನ್ನನ್ನು ನೀರು ಕುಡಿದೆಯಾ ಎಂದು ಒಂದು ದಿನವೂ ಕೇಳಿದವರಲ್ಲ. ಆದರೂ ಆ ಮಾತು ಈಗ ಕಿವಿಗೆ ಬೀಳಬಾರದೇ ಅನ್ನಿಸುತ್ತದೆ. ಇದು ಕೇಸಿಗೆ ಬೇಡ ಎಂದು ಬರೆದುಕೊಳ್ಳುತ್ತಿರುವ ಮೇಡಮ್ ಹೇಳಿದರು. ಬರೆಯಿರಿ ಎಂದೆ.

ದಿನಾಂಕ 2-9-2023ರಂದು ಅವರು ತೀರಿಕೊಂಡರು. ಒಂದು ವರ್ಷ ದೋಣಿ ದಡದಲ್ಲೇ ಇತ್ತು. ಬ್ಯಾಟರಿಯನ್ನು ನಾನು ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಿ, ನೀರು ನೋಡಿ, ಸಾಯದಂತೆ ಇಟ್ಟುಕೊಂಡೆ. ಮೊನ್ನೆ ಸೆಪ್ಟೆಂಬರಿನಲ್ಲಿ ಮುನೇಶ್ ದೋಣಿ ಇಳಿಸಿದ. ಆಯುಧ ಪೂಜೆಗೆ ಬ್ಯಾಟರಿಯನ್ನು ಸೋಡಾಪುಡಿ ಹಾಕಿ ತೊಳೆದ, ಗುರುತೆಲ್ಲ ಹೋಯಿತು. ಹೊಸದಾಗಿ ಕುಂಕುಮ ಇಡಲು ನಾನು ಹೋಗಲಿಲ್ಲ. ಇಡಬಾರದವಳೆಂದು ನಾನೇ ದೂರ ನಿಂತೆ.

ದಿನಾಂಕ 12-11-2024ರ ಬೆಳಗ್ಗೆ 8-30ಕ್ಕೆ ದೋಣಿ ಹಿಂದಕ್ಕೆ ಬರುವುದನ್ನು ಏರಿ ಮೇಲಿಂದ ಕಂಡೆ. ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಸ್ವಲ್ಪ ಹೊತ್ತಿಗೆ ಮೋಟಾರು ನಿಂತೇಹೋಯಿತು. ಚಾರ್ಜೇ ಹಾಕಿರಲಿಲ್ಲ. ದಡಕ್ಕೆ ಬಂದ ಮುನೇಶನಿಗೆ ಬುದ್ಧಿ ಹೇಳಲು ಹೋದರೆ, "ನಿಂಗ್ಯಾಕ್ ದೊಡ್ಡಮ್ಮ ಇದೆಲ್ಲ, ಸುಮ್ನೆ ಮನೇಲಿರು. ನಾಳೆ ಇದನ್ನ ಗುಜರಿಗೆ ಹಾಕ್ತೀನಿ" ಎಂದ.

ಮಾರನೇ ದಿನ ಬೆಳಗ್ಗೆ 6-10ಕ್ಕೆ ಹೋಗಿ ಬ್ಯಾಟರಿ ಬಿಚ್ಚಿ ಹೊತ್ತು ತಂದೆ. ಮೂರು ಕಡೆ ಇಳಿಸಿದೆ. ನನ್ನ ಹೆಜ್ಜೆ ಚಿಕ್ಕದಾಗಿ ಈಗ 412 ಆಗುತ್ತದೆ. ಗುರುತಿಲ್ಲದಿದ್ದರೂ ಪ್ಲಸ್ ಕಡೆಯ ಸೀಸ ಒಂದು ಚೂರು ದಪ್ಪ, ನನ್ನ ಬೆರಳಿಗೆ ಗೊತ್ತು. ವರ್ಷದಿಂದ ಮುಚ್ಚಿಟ್ಟಿದ್ದ ಭರಣಿ ತೆಗೆದು ಕುಂಕುಮ ಹಚ್ಚಿದೆ. ನನ್ನ ಹಣೆಗೆ ಬೇಡವೆಂದವರು ಬ್ಯಾಟರಿಗೂ ಬೇಡವೆನ್ನುವಂತಿಲ್ಲ.

ಕರೆಂಟು ಬಂದು ಹೋಗಿ ಮಾಡುತ್ತಿದ್ದುದರಿಂದ ಪೂರ್ತಿ ಚಾರ್ಜ್ ಆಗಲು 14ರ ಸಂಜೆ 5 ಆಯಿತು. ವಾಪಸ್ ಇಡಲು ಹೊರಟಾಗ ಬಯ್ಯಪ್ಪನವರ ಹೆಂಡತಿ ಬಂದು ದೂರಿನ ವಿಷಯ ಹೇಳಿ ಅತ್ತರು. ಈ ದಿನ ಮೊದಲ ಬಸ್ಸಿಗೆ ಬ್ಯಾಟರಿ, ಚಾರ್ಜರ್ ಸಮೇತ ಬಂದಿದ್ದೇನೆ. ನನಗೆ ಫ್ರೀ, ಬ್ಯಾಟರಿಗೆ ಲಗೇಜ್ ಟಿಕೆಟ್ ಕೊಟ್ಟರು.

ಕೇಸು ಮುಗಿಯುವವರೆಗೆ ಬ್ಯಾಟರಿ ಠಾಣೆಯಲ್ಲೇ ಇರಬೇಕು ಎನ್ನುತ್ತಾರೆ. ಹೊರಗೆ ತುಕ್ಕು ಹಿಡಿದು ನಿಂತಿರುವ ಬೈಕುಗಳನ್ನು ನೋಡಿಕೊಂಡೇ ಒಳಗೆ ಬಂದೆ. ನನ್ನ ಮೇಲೆ ಏನು ಬೇಕಾದರೂ ಬರೆದುಕೊಳ್ಳಿ. ಅದನ್ನು ಮಾತ್ರ ಸಾಯಿಸಬೇಡಿ.

ಬರೆದದ್ದನ್ನು ಕನ್ನಡದಲ್ಲಿ ಓದಿ, ತೆಲುಗಿನಲ್ಲೂ ಒಂದು ಸಾರಿ ತಿಳಿಸಿದರು. ನಾನು ಹೇಳಿದ್ದೇ ಇದೆ, ಹೇಳಿದ್ದೆಲ್ಲ ನಿಜ.

ಸ್ಥಳ: ಠಾಣೆ
ದಿನಾಂಕ: 15-11-2024
ಅಮ್ಮಾಜಮ್ಮ (ಎಡಗೈ ಹೆಬ್ಬೆಟ್ಟಿನ ಗುರುತು)

ಬರೆದುಕೊಂಡವರು: ತನುಜ, ಹೆಡ್ ಕಾನ್‌ಸ್ಟೇಬಲ್

ಷರಾ: ಬಯ್ಯಪ್ಪನವರನ್ನು 11-40ಕ್ಕೆ ಮನೆಗೆ ಕಳಿಸಲಾಗಿದೆ. ಬ್ಯಾಟರಿ ಒಂದು, ಚಾರ್ಜರ್ ಒಂದು ಠಾಣೆಯ ವಶದಲ್ಲಿದೆ. ಪ್ರತಿ ತಿಂಗಳು 15ರಂದು ಡ್ಯೂಟಿಯಲ್ಲಿರುವವರು ತಪ್ಪದೆ ಚಾರ್ಜಿಗೆ ಇಡತಕ್ಕದ್ದು. ಕೆಂಪು ಕ್ಲಿಪ್ಪು ಕುಂಕುಮದ ಕಡೆ.