ಬೀರುವನ್ನು ಗೋಡೆ ಮಾಡಿದ ಮೇಷ್ಟ್ರು

ಇಲ್ಲಿ ಸೇರಿರುವ ಹಿರಿಯರಿಗೆ, ನನ್ನ ಜೊತೆ ಕೆಲಸ ಮಾಡುವವರಿಗೆ, ಮುಂದಿನ ಸಾಲಿನಲ್ಲಿರುವ ಮೇಷ್ಟ್ರ ಮನೆಯ ಅಮ್ಮನಿಗೆ, ಅವರ ಮಕ್ಕಳಿಗೆ ನಮಸ್ಕಾರ. ನಮ್ಮ ಆಫೀಸಿನ ಯಜಮಾನರಿಗೂ — ನಮಸ್ಕಾರ.

ಇಲ್ಲಿಯವರೆಗೆ ಮಾತಾಡಿದವರೆಲ್ಲ ನಮ್ಮ ಮೂಲೆ ಮೇಷ್ಟ್ರನ್ನು ದೇವರಂಥ ಮನುಷ್ಯ ಎಂದರು. ಅಲ್ಲ. ಆಫೀಸಿನ ಮೂಲೆಯಲ್ಲಿ ಕೂತು ನಮಗೆಲ್ಲ ಕೆಲಸ ಕಲಿಸಿದ ಮನುಷ್ಯ, ಅಷ್ಟೇ. ದೇವರ ಜೊತೆ ಯಾರೂ ದಿನಾ ಜಗಳ ಆಡುವುದಿಲ್ಲ. ನಾನು ಇವರ ಜೊತೆ ಆಡಿದ್ದೇನೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುತ್ತೀರಿ. ಅಮ್ಮನನ್ನು ಕೇಳಿಯೇ ಬಂದಿದ್ದೇನೆ. ಬಾಗಿಲಲ್ಲಿ ಕೈ ಹಿಡಿದು ಹೇಳಿದರು: "ಎಲ್ಲರೂ ಸೇರಿ ಅವರನ್ನ ಬರೀ ಫೋಟೋ ಮಾಡಿಬಿಟ್ರು ಕಣೇ. ನೀನಾದ್ರೂ ಒಂದ್ಸಲ ಜಗಳ ಆಡು. ಊಟಕ್ಕೆ ಕೂತ್ರೆ ನಿನ್ನ ಸುದ್ದೀನೇ ಹೇಳ್ತಿದ್ರು."

ಆಡುತ್ತೇನೆ.

ನಮ್ಮ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ಕಟ್ಟಡವನ್ನು ನೆಲದ ಮೇಲೆ ಕಟ್ಟುವ ಮೊದಲು ನಾವು ಇಡಿಯಾಗಿ ಕಂಪ್ಯೂಟರಿನೊಳಗೆ ಕಟ್ಟುತ್ತೇವೆ. ಸುತ್ತ ಗೋಡೆ ಎಳೆದರೆ, ಒಳಗಿರುವುದು ಕೋಣೆ ಎಂದು ಅದು ತಾನೇ ತಿಳಿದುಕೊಂಡು ಅಳತೆ ಹೇಳುತ್ತದೆ. ಆದರೆ ನಾವೇ ಹೊಸದಾಗಿ ಮಾಡಿದ ಬಿಡಿಭಾಗ ಇಟ್ಟರೆ — ಒಂದು ಜಾಲರಿಯೋ, ಒಂದು ಬೀರುವೋ — ಅದನ್ನು ಗೋಡೆ ಎಂದು ಒಪ್ಪುವುದಿಲ್ಲ. ಕೋಣೆ ನೀರಿನ ಹಾಗೆ ಅದನ್ನು ದಾಟಿ ಹರಿದುಬಿಡುತ್ತದೆ.

ಅಂಧ ಮಕ್ಕಳ ಶಾಲೆಯೊಂದರ ಕೆಲಸ ಬಂದಿತ್ತು. ಮಕ್ಕಳು ಕೈಯಲ್ಲಿ ಸವರಿಕೊಂಡು ನಡೆಯಲೆಂದು ಬಳುಕಿದ ಗೋಡೆ, ಅದರ ತುಂಬ ಉಬ್ಬು ತಗ್ಗು. ಅದನ್ನು ಬಿಡಿಭಾಗವಾಗಿಯೇ ಮಾಡಬೇಕಾಯಿತು. ಮಾಡಿ ಇಟ್ಟೆ. ತರಗತಿ ವರಾಂಡಕ್ಕೆ ಹರಿಯಿತು, ವರಾಂಡ ಅಂಗಳಕ್ಕೆ ಹರಿಯಿತು, ಇಡೀ ಶಾಲೆ ಒಂದೇ ಕೋಣೆಯಾಗಿ ಕೂತಿತು. ಮೇಷ್ಟ್ರು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದರು. "ಇದಕ್ಕೆ ನಿನ್ನ ಗೋಡೆ ಕಣ್ಣಿಗೇ ಬೀಳಲ್ಲ ಮರಿ. ಕಂಬ ಅಂದ್ರೆ ಬೀಳುತ್ತೆ. ಕಂಪ್ಯೂಟರಿನ ಪಟ್ಟೀಲಿ ಅದನ್ನ ಕಂಬಗಳ ಗುಂಪಿಗೆ ಸೇರ್ಸು, ಆಮೇಲೆ ನೋಡು." ಸೇರಿಸಿದೆ. ಹರಿಯುತ್ತಿದ್ದ ತರಗತಿ ಗಕ್ಕನೆ ನಿಂತಿತು. ಆ ಗೋಡೆ ನಿಜವಾಗಿಯೂ ಇತ್ತು, ನೆಲದಿಂದ ಸೂರಿನವರೆಗೆ ಇತ್ತು. ಆದ್ದರಿಂದ ಅದು ಸರಿಯಾದ ಕೆಲಸ. ಅದನ್ನು ಕಲಿಸಿದ್ದಕ್ಕೆ ನಾನು ಅವರಿಗೆ ಋಣಿ.

ಅದೇ ವಿದ್ಯೆಯಿಂದ ಅವರು ನರ್ಸುಗಳ ಹಾಸ್ಟೆಲ್ ಮಾಡಿದರು. ಒಬ್ಬರಿಗೊಂದು ಕೋಣೆ ಇರಲೇಬೇಕು ಎಂಬುದು ನಿಯಮ. ಮಂಜೂರಾತಿ ಕೊಡುವ ಕಚೇರಿ ನಮ್ಮ ಕಂಪ್ಯೂಟರ್ ತೆಗೆದುಕೊಟ್ಟ ಕೋಣೆಗಳ ಎಣಿಕೆಯನ್ನು ನೋಡುತ್ತದೆ, ಬೇರೇನೂ ನೋಡುವುದಿಲ್ಲ. ಯಜಮಾನರು ಹೇಳಿದರು, ಮೇಷ್ಟ್ರು ಮಾಡಿದರು: ಒಂದು ಉದ್ದ ಹಜಾರ, ನಡುನಡುವೆ ತಗಡಿನ ಬೀರು. ಬೀರುವನ್ನು ಕಂಬಗಳ ಗುಂಪಿಗೆ ಸೇರಿಸಿದ್ದಾಯಿತು. ಹಜಾರ ಆರು ಕೋಣೆಯಾಯಿತು. ಮಂಜೂರಾತಿ ಬಂದ ದಿನ ಕೇಕ್ ತರಿಸಿದ್ದು ನೆನಪಿದೆಯೇ ನಿಮಗೆ? ಚಪ್ಪಾಳೆ ತಟ್ಟಿದ್ದು?

ನಾನು ಆ ಹಾಸ್ಟೆಲಿಗೆ ಹೋಗಿ ನೋಡಿದ್ದೇನೆ. ನಟ್ಟನಡು ಮಧ್ಯಾಹ್ನ. ರಾತ್ರಿ ಪಾಳಿ ಮುಗಿಸಿ ಬಂದ ಒಬ್ಬಾಕೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದರು. ಬೀರು ಇಷ್ಟೇ ಎತ್ತರ — ಇಗೋ, ನನ್ನ ಕೈ ಇರುವಷ್ಟು. ಅದರ ಮೇಲೆ ಸೂರಿನವರೆಗೆ ಬಟಾಬಯಲು. ಈ ತುದಿಯಲ್ಲಿ ಯಾರೋ ಫೋನಿನಲ್ಲಿ ಗಂಡನಿಗೆ ಬೈಯುತ್ತಿದ್ದರೆ ಆ ತುದಿಯವರು ನಗುತ್ತಿದ್ದರು. ಮಲಗಿದ್ದಾಕೆ ಬಟ್ಟೆ ಸರಿಸಿ ನನ್ನನ್ನು ಕೇಳಿದರು: "ಇದನ್ನ ಮಾಡಿದ್ದು ನಿಮ್ಮ ಆಫೀಸಾ? ನಿಮ್ಮ ಮನೇಲೂ ಬೀರುನೇ ಗೋಡೇನಾ ತಾಯಿ?"

ಮರುದಿನ ಇದನ್ನು ಮೇಷ್ಟ್ರ ಮುಂದೆ ಹಾಗೆಯೇ ಹೇಳಿದೆ. ನಕ್ಕರು. "ಬಂದ್ಳಪ್ಪ ಕ್ರಾಂತಿಯಮ್ಮ. ಗೋಡೆ ಅಂದ್ರೆ ಏನೇ? ಕಂಪ್ಯೂಟರ್ ಯಾವುದನ್ನ ಒಪ್ಪುತ್ತೋ ಅದೇ ಗೋಡೆ."

"ನಿದ್ದೆ ಒಪ್ಪಬೇಕಲ್ಲ ಮೇಷ್ಟ್ರೇ."

ಆಗ ನಗು ನಿಂತಿತು. "ನಿಜವಾದ ಗೋಡೆ ಕಟ್ಟಿದ್ರೆ ಅರ್ಧ ಜನಕ್ಕೂ ಜಾಗ ಸಾಲಲ್ಲ. ಮಿಕ್ಕ ಹೆಣ್ಮಕ್ಕಳು ಎಲ್ಲಿ ಮಲಗ್ತಾರೆ, ನಿನ್ನ ಕರಪತ್ರದ ಮೇಲಾ?"

ಬಹಳ ಜನ ಇದನ್ನು ಒಪ್ಪುತ್ತೀರಿ, ಮುಖ ನೋಡಿದರೆ ಗೊತ್ತಾಗುತ್ತದೆ. ಮೇಷ್ಟ್ರಿಗೆ ಕೊಟ್ಟ ಉತ್ತರವನ್ನೇ ನಿಮಗೂ ಕೊಡುತ್ತೇನೆ. ಜಾಗವಿಲ್ಲದಿದ್ದರೆ ಹಜಾರ ಎಂದು ಬರೆಯಿರಿ. ಹಜಾರದಲ್ಲಿರುವವಳು ನಾಳೆ ಕೋಣೆ ಕೇಳಬಹುದು. ನೀವು ಸುಳ್ಳು ಕೋಣೆ ಕೊಟ್ಟುಬಿಟ್ಟರೆ ಅವಳ ಬಾಯಿಯನ್ನೇ ಕಟ್ಟಿದ ಹಾಗೆ. ಕೇಳಹೋದರೆ ಹೇಳುತ್ತಾರೆ — ನಿನಗೆ ಕೋಣೆ ಇದೆಯಲ್ಲಮ್ಮ, ನೋಡು, ನಕ್ಷೆಯಲ್ಲಿದೆ.

ಮೇಷ್ಟ್ರು ಬದಲಾಗಲಿಲ್ಲ. ಕೊನೆಗಾಲದಲ್ಲಿ ಅವರ ಮನಸ್ಸು ಕರಗಿತೆಂದು ನಾನು ಕಥೆ ಕಟ್ಟುವುದಿಲ್ಲ. ಅಷ್ಟು ದೊಡ್ಡ ಬುದ್ಧಿಯನ್ನು ಇಷ್ಟು ಸಣ್ಣ ಕೆಲಸಕ್ಕೆ ಸವೆಸಿ ಹೋದರು. ನನ್ನ ಸಿಟ್ಟು ಅದು. ಅಮ್ಮ, ಕ್ಷಮಿಸಿ. ಆದರೂ ಅದೇ ನನ್ನ ಸಿಟ್ಟು.

ಈಗ ಯಜಮಾನರ ಮಾತಿಗೆ ಬರುತ್ತೇನೆ. ಸ್ವಲ್ಪ ಹೊತ್ತಿನ ಮುಂಚೆ ಇದೇ ಜಾಗದಲ್ಲಿ ನಿಂತು ಕಣ್ಣೊರೆಸಿಕೊಂಡು ಹೇಳಿದಿರಿ: ಎರಡನೆಯ ಹಾಸ್ಟೆಲಿನ ನಕ್ಷೆ ಸೋಮವಾರ ಹೋಗುತ್ತದೆ, ಮೇಷ್ಟ್ರ ಹೆಸರಿನಲ್ಲೇ ಹೋಗುತ್ತದೆ, ಅದೇ ಅವರಿಗೆ ನಿಜವಾದ ಶ್ರದ್ಧಾಂಜಲಿ. ಮೊದಲನೆಯದಕ್ಕಿಂತ ದೊಡ್ಡ ಹಾಸ್ಟೆಲ್, ಅವೇ ಬೀರುಗಳು. ಸುಳ್ಳಿಗೆ ಸಹಿ ಬೇಕು, ಸಹಿ ಹಾಕಿದವರು ಉತ್ತರ ಕೊಡಬಾರದು. ಇದಕ್ಕೆ ಸತ್ತವರಿಗಿಂತ ಒಳ್ಳೆಯವರು ಎಲ್ಲಿ ಸಿಗುತ್ತಾರೆ?

ಆ ಫೈಲನ್ನು ಮುಗಿಸಲು ನನಗೆ ಒಪ್ಪಿಸಿದ್ದೀರಿ. ಇವತ್ತು ಬೆಳಿಗ್ಗೆ ತೆರೆದೆ. ಬೀರುವನ್ನು ಕಂಬಗಳ ಗುಂಪಿನಿಂದ ಬಿಡಿಸಿ ಮತ್ತೆ ಬೀರು ಮಾಡಿದೆ. ಕೋಣೆಗಳೆಲ್ಲ ಒಂದರೊಳಗೊಂದು ಹರಿದುಹೋದವು. ಪರದೆಯ ಮೇಲೆ ಎಚ್ಚರಿಕೆ ಬಂತು — ಒಂದೇ ಸುತ್ತುಗೋಡೆಯೊಳಗೆ, ನಡುವೆ ಗೋಡೆಯೇ ಇಲ್ಲದೆ, ಹಲವು ಕೋಣೆಗಳಿವೆ ಎಂದು. ಹಾಗೆಯೇ ಉಳಿಸಿ ಬಂದಿದ್ದೇನೆ. ನನ್ನನ್ನು ಕೆಲಸದಿಂದ ತೆಗೆಯಬಹುದು. ಬೀರುವನ್ನು ಮತ್ತೆ ಕಂಬ ಮಾಡಬೇಕಾದರೆ ಇಲ್ಲಿರುವವರಲ್ಲೇ ಯಾರಾದರೂ ಕೈ ಹಾಕಬೇಕು. ಮೇಷ್ಟ್ರು ಕಲಿಸಿದ್ದಾರೆ, ನಿಮಗೆಲ್ಲ ಬರುತ್ತದೆ.

ನನ್ನ ಮಾತು ಮುಗಿಯಿತು. ಮೇಷ್ಟ್ರಿಗಾಗಿ ಎದ್ದು ಮೌನವಾಗಿ ನಿಲ್ಲಬೇಕೆಂದು ಎಲ್ಲರನ್ನೂ ಕೇಳಿಕೊಳ್ಳುತ್ತೇನೆ. ಆದರೆ ಆ ಫೈಲಿಗೆ ಕೈ ಹಾಕಲಾರೆ ಎನ್ನುವವರು ಮಾತ್ರ ಏಳಿ. ಹಾಕುವವರು ಕೂತೇ ಇರಿ, ಅವಸರವಿಲ್ಲ.

ಅಮ್ಮ ಎದ್ದಿದ್ದಾರೆ.

ಯಜಮಾನರೇ — ನಾವು ಕಾಯುತ್ತೇವೆ.